ರಾಜೀನಾಮೆ ಕೊಟ್ಟವರಿಗೆ ರಜಾಪತ್ರ ಕೊಡುವವರು ಯಾರು?

ಇಂದು ಮಧ್ಯಾಹ್ನ ನಮ್ಮ ಬ್ಯಾಂಕ್ ಶಾಖೆಯಲ್ಲಿ ನಡೆದದ್ದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ಸಾಫ್ಟ್‌ವೇರ್ ಕೆಲಸಕ್ಕೆ ಈಚೆಗೆ ರಾಜೀನಾಮೆ ಕೊಟ್ಟ ಯುವತಿಯೊಬ್ಬರು ಆರು ತಿಂಗಳ ಸ್ಟೇಟ್‌ಮೆಂಟಿನ ಪುಟಪುಟಕ್ಕೂ ಸೀಲು, ಸಹಿ ಹಾಕಿಸಿಕೊಳ್ಳಲು ಬಂದಿದ್ದರು. ಒಂದು ವರ್ಷ ಜಗತ್ತು ಸುತ್ತುವ ಯೋಜನೆ, ಮೊದಲು ಯುರೋಪ್. (ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ, ಗಾಬರಿಯಾಗಬೇಡಿ.) ತಿಂಗಳ ಕೊನೆಗೆ ತಪ್ಪದೆ ಬೀಳುತ್ತಿದ್ದ ಸಂಬಳ ನಾಲ್ಕನೆಯ ಪುಟದ ಹೊತ್ತಿಗೆ ನಿಂತುಹೋಗಿತ್ತು; ಕೊನೆಯ ಪುಟದಲ್ಲಿ ಕಳೆದ ವಾರವಷ್ಟೇ ಅಪ್ಪನ ಖಾತೆಯಿಂದ ಬಂದ ದೊಡ್ಡ ಮೊತ್ತವೊಂದು ಒಂಟಿಯಾಗಿ ಕುಳಿತಿತ್ತು. ವೀಸಾ ಅಧಿಕಾರಿಯ ಕಣ್ಣು ಮೊದಲು ಬೀಳುವುದು ಅಂಥ ಮೊತ್ತದ ಮೇಲೆಯೇ ಎಂಬುದು ಅವರಿಗೆ ಗೊತ್ತಿರಲಿಲ್ಲ. “ಸರ್, ಕಂಪನಿಯ ಲೀವ್ ಲೆಟರ್ ಬದಲು ಬ್ಯಾಂಕಿನಿಂದಲೇ ಏನಾದರೂ ಪತ್ರ ಕೊಡಬಹುದಾ?” ಎಂದು ಕೇಳಿದರು. ಖಾತೆಯಲ್ಲಿ ಇಷ್ಟು ಹಣವಿದೆ ಎಂದು ಬರೆದುಕೊಡಬಲ್ಲೆ. ನೀವು ಊರಿಗೆ ಮರಳಿ ಬರುತ್ತೀರೆಂದು ನಾನು ಹೇಗಮ್ಮ ಬರೆದುಕೊಡಲಿ?

ನನ್ನ ಸಿಟ್ಟು ಅವರ ಮೇಲಲ್ಲ. ‘ಕೆಲಸ ಬಿಡಿ, ಜಗತ್ತು ನೋಡಿ’ ಎಂದು ಬೆಳಗಿನಿಂದ ರಾತ್ರಿಯವರೆಗೆ ರೀಲ್ಸ್‌ಗಳಲ್ಲಿ ಉಪದೇಶಿಸುವ ಮಹಾನುಭಾವರ ಮೇಲೆ. ಆಲ್ಪ್ಸ್‌ನ ಹಿಮದ ಮುಂದೆ ಕೈ ಚಾಚಿ ನಿಲ್ಲುವ ಇವರು ತಮ್ಮನ್ನು ಅಲ್ಲಿಗೆ ತಲುಪಿಸಿದ ಕಾಗದಪತ್ರಗಳ ಕಡತವನ್ನು ಒಂದು ದಿನವಾದರೂ ತೋರಿಸಿದ್ದಾರೆಯೇ? ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಭದ್ರವಾದ ಕೆಲಸವೇ ಅರ್ಧ ವೀಸಾ. ಬಂಧನವೆಂದು ಇವರು ಹೀಯಾಳಿಸುವ ಆ ಕೆಲಸದ ಪತ್ರವನ್ನೇ ದೂತಾವಾಸಗಳು ಮೊದಲು ಕೇಳುತ್ತವೆ.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾದ ಅರ್ಜಿಯನ್ನು ಒಮ್ಮೆ ಬಿಡಿಸಿ ನೋಡಿ. ಈಗಿನ ಉದ್ಯೋಗವೇನು, ಕೆಲಸ ಕೊಟ್ಟವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಯಾವುದು ಎಂದು ಅದು ನೇರವಾಗಿಯೇ ಕೇಳುತ್ತದೆ. ಜೊತೆಗೆ ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ರಜೆ ಮಂಜೂರಾದ ಪತ್ರ, ಕನಿಷ್ಠ 30,000 ಯೂರೋಗಳ ವಿಮೆ. 2024ರ ಜೂನ್‌ನಿಂದ ಶುಲ್ಕ 90 ಯೂರೋ; ವೀಸಾ ಕೊಡದಿದ್ದರೂ ಆ ಹಣ ವಾಪಸಿಲ್ಲ. ಕೊಟ್ಟರೂ 180 ದಿನಗಳ ಅವಧಿಯಲ್ಲಿ 90 ದಿನ ಮೀರಿ ಇರುವಂತಿಲ್ಲ, ಮತ್ತು ಸಾಮಾನ್ಯವಾಗಿ ಕಾನೂನುಬದ್ಧವಾಗಿ ವಾಸವಿರುವ ದೇಶದಿಂದಲೇ ಅರ್ಜಿ ಹಾಕಬೇಕಾದ್ದರಿಂದ, ದಾರಿಯ ನಡುವೆ ಮನಸ್ಸು ಬದಲಾಯಿಸಿದವರು ಮತ್ತೆ ಊರಿಗೆ ಬಂದೇ ಹೋಗಬೇಕು. ಹಂಪಿಯ ಬಂಡೆಯ ಮೇಲೆ ಕುಳಿತು ಮುಂದಿನ ತಿಂಗಳು ಜಪಾನೋ ಬ್ರೆಜಿಲೋ ಎಂದು ಯೋಚಿಸುವ ಸುಖ ಜರ್ಮನಿಯ ಹುಡುಗನಿಗಿದೆ, ಹೊಸಪೇಟೆಯ ಹುಡುಗನಿಗಿಲ್ಲ. ಅಮೆರಿಕದ ಕಾನೂನಂತೂ, 214(ಬಿ) ವಿಧಿಯ ಪ್ರಕಾರ, ಪ್ರವಾಸಿ ವೀಸಾ ಕೇಳುವವರನ್ನು ಅಲ್ಲೇ ನೆಲೆಯೂರಲು ಹೊರಟವರೆಂದು ಮೊದಲೇ ಭಾವಿಸಿಕೊಳ್ಳುತ್ತದೆ; ಹಾಗಲ್ಲವೆಂದು ತೋರಿಸುವ ಹೊಣೆ ನಮ್ಮದು. ಏನನ್ನು ತೋರಿಸುವುದು? ಮನೆ, ಸಂಸಾರ, ಕೆಲಸ. ಮದುವೆಯಾಗದ, ಬಾಡಿಗೆ ಕೋಣೆಯ ಯುವಕರ ಬಳಿ ಆ ಮೂರರಲ್ಲಿ ಇರುವುದೇ ಒಂದು. ಅದನ್ನೂ ಬಿಸಾಡಿ ಬನ್ನಿ ಎನ್ನುತ್ತಾರೆ ನಮ್ಮ ರೀಲ್ಸ್ ಗುರುಗಳು.

‘ಯೂಟ್ಯೂಬಿನ ಡಾಕ್ಟರ್ ಬ್ರೋ ಹೋಗಲಿಲ್ಲವೇ?’ ಎಂದು ಕೇಳುವವರಿದ್ದೀರಿ. ಹೋದರು, ಸಂತೋಷದಿಂದ ನೋಡಿದವರಲ್ಲಿ ನಾನೂ ಒಬ್ಬ. ಆದರೆ ಕ್ಯಾಮೆರಾ ಹಿಡಿದು ತಿರುಗುವುದೇ ಅವರ ಕೆಲಸವಾಗಿರುವಾಗ ಅವರನ್ನು ಕೆಲಸ ಬಿಟ್ಟವರ ಪಟ್ಟಿಗೆ ಸೇರಿಸುವುದು ಹೇಗೆ? ಮೈಸೂರಿನ ಕೃಷ್ಣಕುಮಾರ್ ನಿಜಕ್ಕೂ ಕೆಲಸ ಬಿಟ್ಟವರು. 2018ರಲ್ಲಿ ತಂದೆಯ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿ ಚೂಡಾರತ್ನಮ್ಮನವರನ್ನು ಕೂರಿಸಿಕೊಂಡು ಹೊರಟ ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಸ್ಕೂಟರು ಮೊದಲ ವರ್ಷಗಳಲ್ಲಿ ದಾಟಿದ ದೇಶದ ಗಡಿಗಳನ್ನು ಗಮನಿಸಿ: ನೇಪಾಳ, ಭೂತಾನ್, ಮ್ಯಾನ್ಮಾರ್. ಮೊದಲ ಎರಡಕ್ಕೆ ನಮಗೆ ವೀಸಾ ಬೇಕಿಲ್ಲ. ಕೊಚ್ಚಿಯ ವಿಜಯನ್, ಮೋಹನಾ ದಂಪತಿ ಟೀ ಅಂಗಡಿಯ ಗಳಿಕೆಯಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ದೇಶ ನೋಡಿದ ಕಥೆಯನ್ನೂ ಈ ಗುರುಗಳು ಹಂಚುತ್ತಾರೆ. ಆ ದಂಪತಿ ಪ್ರತಿ ಸಲವೂ ಮರಳಿ ಬಂದು, ಒಲೆ ಹಚ್ಚಿ, ಸಾಲ ತೀರಿಸಿ, ಆಮೇಲೆ ಮುಂದಿನ ದೇಶದ ಮಾತೆತ್ತುತ್ತಿದ್ದರು ಎಂಬ ಭಾಗ ಮಾತ್ರ ರೀಲ್ಸ್‌ನಲ್ಲಿ ಕತ್ತರಿಗೆ ಬೀಳುತ್ತದೆ.

ಅಸೂಯೆಯಿಂದ ಬರೆಯುತ್ತಿದ್ದೀರಿ ಎನ್ನುವಿರಾ? ಹೌದು, ಅದೂ ಇದೆ. ನನ್ನ ಮೊದಲ ಪಾಸ್‌ಪೋರ್ಟ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಹತ್ತು ವರ್ಷ ಮಲಗಿ, ಒಂದೂ ಮುದ್ರೆ ಕಾಣದೆ ಅವಧಿ ಮುಗಿಸಿತು. ಮಗಳ ಫೀಸು, ಅಮ್ಮನ ಮಂಡಿ ಆಪರೇಷನ್, ಗೃಹಸಾಲದ ಕಂತು. ನಿಮ್ಮ ಮನೆಯದೂ ಇದೇ ಪಟ್ಟಿ ಇದ್ದೀತು. ಹೊರಡಬೇಡಿ ಎನ್ನಲು ನಾನ್ಯಾರು? ಆದರೆ ಅರ್ಧ ಮಾತು ಹೇಳಿ ಹೊರಡಿಸಲು ಅವರು ಯಾರು?

ಕೆಲಸ ಬಿಟ್ಟೇ ಹೋಗುವವರು ನಮ್ಮ ಪಾಸ್‌ಪೋರ್ಟ್ ಎಲ್ಲಿ ನಡೆಯುತ್ತದೋ ಅಲ್ಲಿಂದ ಲೆಕ್ಕ ಹಾಕಲಿ. ಭೂತಾನಿಗೆ ವೀಸಾ ಬೇಡವಾದರೂ 2022ರ ಸೆಪ್ಟೆಂಬರ್‌ನಿಂದ ಭಾರತೀಯರೂ ರಾತ್ರಿಯೊಂದಕ್ಕೆ 1,200 ರೂಪಾಯಿ ಕಟ್ಟಬೇಕು. ಮೂವತ್ತು ರಾತ್ರಿಗೆ 36,000, ಊಟ ವಸತಿ ಬೇರೆ. ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನಗಳ ಇ-ವೀಸಾ ಕೊಡುತ್ತಿದೆ, ಸಂಬಳದ ಚೀಟಿ ಕೇಳುವುದಿಲ್ಲ. ಮೂವತ್ತು ದಾಟದವರಿಗಾಗಿ ಆಸ್ಟ್ರೇಲಿಯಾ 2024ರಿಂದ ವರ್ಷಕ್ಕೆ 1,000 ಭಾರತೀಯರನ್ನು ಲಾಟರಿ ಎತ್ತಿ ಆರಿಸಿ, ದುಡಿಯುತ್ತ ತಿರುಗಲು ಬಿಡುತ್ತಿದೆ. ಇದನ್ನೆಲ್ಲ ಹಿಮದ ಮುಂದೆ ನಿಂತು ಹೇಳಿದರೆ ಲೈಕು ಬೀಳುವುದಿಲ್ಲವೇನೋ!

ನನ್ನನ್ನು ಕೇಳಿದರೆ ಜಗಳವಾಡಬೇಕಾದದ್ದು ರಜೆಗಾಗಿ. ಕಾಯಿಲೆಗೆ, ಬಾಣಂತನಕ್ಕೆ ರಜೆ ಇರುವಂತೆ, ‘ಸುತ್ತಲು ಹೋಗುತ್ತೇನೆ’ ಎಂದಷ್ಟೇ ಬರೆದು ಸಂಬಳವಿಲ್ಲದ ಒಂದು ವರ್ಷದ ರಜೆ ಪಡೆಯುವಂತಾದರೆ ಅರ್ಜಿಯ ಉದ್ಯೋಗದ ಕಾಲಮ್ಮೂ ಖಾಲಿ ಉಳಿಯುವುದಿಲ್ಲ, ಮರಳಿ ಬಂದಾಗ ಕುರ್ಚಿಯೂ ಇರುತ್ತದೆ. ಕಳೆದ ತಿಂಗಳು ನಮ್ಮ ನೌಕರರ ಸಂಘದ ಸಭೆಯಲ್ಲಿ ಎದ್ದು ನಿಂತು ಇದನ್ನು ಪ್ರಸ್ತಾಪಿಸಿದೆ. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ನನ್ನನ್ನೇ ನೋಡಿ, “ರಾಯರೇ, ಮೊದಲು ಉಳಿದ ಶನಿವಾರಗಳ ರಜೆ ಕೊಡಿಸೋಣ, ಪ್ಯಾರಿಸ್ ಆಮೇಲೆ ನೋಡೋಣ” ಎಂದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು, ಅವರಿಗೆ.