ಬ್ಯಾಟರಿ ಬಿಡಿ, ಫ್ರಿಜ್ಜು ಬೇಕಾ ಹೇಳಿ

ರೇಷ್ಮೆ, ಮೊಟ್ಟೆಯ ಒಳಪೊರೆ, ಸೀಗಡಿ ಸಿಪ್ಪೆಯಿಂದ ತೆಗೆದ ಕೈಟೋಸಾನ್, ಇಂಥವುಗಳಿಂದಲೇ ರೋಗದ ಪ್ರೋಟೀನು ಪತ್ತೆ ಹಚ್ಚುವ ಸೆನ್ಸರ್ ಮಾಡುತ್ತಿದ್ದಾರೆ. ಅದಕ್ಕೆ ಬೇಕಾದ ಕರೆಂಟನ್ನು ಅದೇ ಹುಟ್ಟಿಸಿಕೊಳ್ಳುತ್ತದೆ. ಖುಷಿಯ ಸುದ್ದಿಯೇ. ಆದರೆ ಎಲ್ಲರೂ "ಬ್ಯಾಟರಿಯೇ ಬೇಡವಂತೆ!" ಅಂತ ಕುಣಿಯುವುದಕ್ಕೆ ಮಾತ್ರ ನನ್ನದೊಂದು ತಕರಾರಿದೆ.

ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್ ಹಿಡಿಯುವುದೂ ಎಚ್‌ಸಿಜಿ ಅನ್ನುವ ಪ್ರೋಟೀನನ್ನೇ. ಆ ಗೆರೆ ಮೂಡುವುದಕ್ಕೆ ಯಾವ ಬ್ಯಾಟರಿ ಬೇಕು? ಹೊಸ ಸೆನ್ಸರ್ ಬೇಕಿರುವುದು 'ಇದೆಯಾ' ಅಂತ ನೋಡುವುದಕ್ಕಲ್ಲ, 'ಎಷ್ಟಿದೆ' ಅಂತ ಅಳೆಯುವುದಕ್ಕೆ. ಎದೆನೋವು ಅಂತ ಬಂದವರ ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನು) ಗಂಟೆಗಂಟೆಗೆ ಏರುತ್ತಿದೆಯಾ ಅನ್ನುವ ಲೆಕ್ಕ ಡಾಕ್ಟರಿಗೆ ಬೇಕು.

ಕೆಲಸ ಮಾಡುವ ಬಗೆಯಂತೂ ಸೊಗಸಾಗಿದೆ. ಎರಡು ಬೇರೆ ಬೇರೆ ವಸ್ತುಗಳನ್ನು ತಾಗಿಸಿ ಬಿಡಿಸಿದರೆ ಚಾರ್ಜು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ರೇಷ್ಮೆ ಎಲೆಕ್ಟ್ರಾನ್ ಕೊಡುವುದರಲ್ಲಿ ಧಾರಾಳಿ, ಟೆಫ್ಲಾನ್ ಕಿತ್ತುಕೊಳ್ಳುವುದರಲ್ಲಿ ನಿಸ್ಸೀಮ. 2012ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಝೊಂಗ್ ಲಿನ್ ವಾಂಗ್ ತಂಡ ಇದೇ ತತ್ವದ ಮೇಲೆ ಪುಟ್ಟ ಜನರೇಟರ್ ಮಾಡಿತು. ಅದರ ಮೇಲ್ಮೈಗೆ ಆಂಟಿಬಾಡಿ, ಅಂದರೆ ಒಂದು ಗೊತ್ತಾದ ಪ್ರೋಟೀನನ್ನು ಮಾತ್ರ ಹಿಡಿದುಕೊಳ್ಳುವ ಅಣು, ಅಂಟಿಸಿದರೆ, ರೋಗದ ಪ್ರೋಟೀನು ಬಂದು ಕೂತಂತೆಲ್ಲ ವೋಲ್ಟೇಜ್ ಬದಲಾಗುತ್ತದೆ. (ಆ ವೋಲ್ಟೇಜ್ ಓದುವ ಮೀಟರಿಗೆ ಬ್ಯಾಟರಿ ಬೇಕೇ ಬೇಕು, ಅದು ಬೇರೆ ಮಾತು.)

ತೊಂದರೆ ಇರುವುದು ಪಸೆಯಲ್ಲಿ. ಗಾಳಿ ತೇವವಾದರೆ ಚಾರ್ಜು ಸೋರಿಹೋಗುತ್ತದೆ. ಆಷಾಢದ ಆಗುಂಬೆಯಲ್ಲಿ ವೋಲ್ಟೇಜ್ ಇಳಿದರೆ ಅದು ಪ್ರೋಟೀನಿನಿಂದಲೋ ಮಳೆಯಿಂದಲೋ? ಸಾಲದ್ದಕ್ಕೆ ರಕ್ತ, ಜೊಲ್ಲು, ಬೆವರು ಎಲ್ಲವೂ ಒದ್ದೆ ಸರಕೇ.

ಅದಕ್ಕಿಂತ ದೊಡ್ಡ ಕಷ್ಟ ಆಂಟಿಬಾಡಿಯದು. ಸೆಖೆಗೆ ಅದು ಕೆಡುತ್ತದೆ. ಅದಕ್ಕೇ ಲ್ಯಾಬಿನ ಎಷ್ಟೋ ಕಿಟ್ಟುಗಳು 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ ಕೂರುತ್ತವೆ. ಹಳ್ಳಿಯ ಆಸ್ಪತ್ರೆಗೆ ಬಟನ್ ಸೆಲ್ ಒಯ್ಯುವುದೇನು ಮಹಾ? ತಂಪು ಕೆಡದ ಹಾಗೆ ಒಯ್ಯುವುದು ಕಷ್ಟ. ರೇಷ್ಮೆಯ ನಿಜವಾದ ಹೆಚ್ಚುಗಾರಿಕೆ ಕಾಣುವುದು ಇಲ್ಲೇ. ಫೈಬ್ರೋಯಿನ್ ಅನ್ನುವ ರೇಷ್ಮೆ ಎಳೆಯ ಪ್ರೋಟೀನಿನ ಪೊರೆಯೊಳಗೆ ಇಟ್ಟ ಲಸಿಕೆ 45 ಡಿಗ್ರಿಯಲ್ಲೂ ತಿಂಗಳುಗಟ್ಟಲೆ ಸತ್ವ ಉಳಿಸಿಕೊಳ್ಳುತ್ತದೆ ಅಂತ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2012ರಲ್ಲಿ ತೋರಿಸಿದರು. ಆಂಟಿಬಾಡಿಯನ್ನೂ ಹೀಗೆ ಕಾಪಾಡಲು ಆದರೆ ಫ್ರಿಜ್ಜಿನ ಗೋಜೇ ಇರುವುದಿಲ್ಲ. ಆ ವರ್ಷ ನನಗೆ ಮುಖ್ಯ ಅನ್ನಿಸುವುದು ಜನರೇಟರಿಗಿಂತ ಈ ಕೆಲಸಕ್ಕೆ.

ನಮ್ಮಲ್ಲೂ ಏನೂ ಆಗಿಲ್ಲ ಅಂತಿಲ್ಲ. ಬೆಂಗಳೂರಿನ ಅಚಿರಾ ಲ್ಯಾಬ್ಸ್ ಅನ್ನುವ ಕಂಪನಿ 2011ರಲ್ಲೇ ಆಂಟಿಬಾಡಿ ಹಚ್ಚಿ ಒಣಗಿಸಿದ ರೇಷ್ಮೆ ನೂಲನ್ನು ಮಗ್ಗದಲ್ಲಿ ನೇಯ್ದು ಪರೀಕ್ಷೆಯ ಪಟ್ಟಿ ಮಾಡಿತ್ತು. ಅದು ಸ್ವಂತ ಕರೆಂಟು ಹುಟ್ಟಿಸುವ ಪೈಕಿಯಲ್ಲ, ನಿಜ. ಆದರೂ ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯದಲ್ಲಿ ಕೂತು ನಾವು ಇದನ್ನು ಮುಂದುವರಿಸದಿದ್ದರೆ ಹೇಗೆ?

ಈ ವಿಷಯದಲ್ಲಿ ಕೆಲಸ ಮಾಡುತ್ತಿರುವವರು ಇಲ್ಲಿದ್ದರೆ ಕಾಮೆಂಟಿನಲ್ಲಿ ಹೇಳಿ: ನಿಮ್ಮ ಸೆನ್ಸರನ್ನು ಫ್ರಿಜ್ಜಿನ ಹೊರಗೆ ಎಷ್ಟು ತಿಂಗಳು ಇಟ್ಟು ನೋಡಿದ್ದೀರಿ?