ತುರ್ತು ಅಂತ ಮಾಡಿದ ಖರ್ಚಿಗೆ ಲೆಕ್ಕ ಕೊಡೋರು ಯಾರು, ಕೇಳೋರು ಯಾರು?

ತುರ್ತು ಪರಿಸ್ಥಿತಿ ಅಂದ ಕೂಡಲೇ ನಮಗೆ ನೆನಪಾಗುವುದು 1975. ಅಮೆರಿಕದಲ್ಲಿ ಈ ಮಾತಿಗೆ ಅಷ್ಟು ಭಯವಿಲ್ಲ. ಅಲ್ಲಿ 40ಕ್ಕೂ ಹೆಚ್ಚು ರಾಷ್ಟ್ರೀಯ ತುರ್ತು ಪರಿಸ್ಥಿತಿಗಳು ಒಟ್ಟೊಟ್ಟಿಗೆ ಜಾರಿಯಲ್ಲಿವೆ. ಇರಾನ್ ವಿಚಾರದಲ್ಲಿ ಜಿಮ್ಮಿ ಕಾರ್ಟರ್ 1979ರಲ್ಲಿ ಘೋಷಿಸಿದ್ದು ಇನ್ನೂ ಮುಗಿದಿಲ್ಲ!

ಇಂಥದ್ದಕ್ಕೆ ಕಡಿವಾಣ ಹಾಕಲೆಂದೇ 1976ರಲ್ಲಿ ಒಂದು ಕಾಯ್ದೆ ಬಂತು. ಅದಕ್ಕೂ ಮುಂಚೆ ಸೆನೆಟ್ ಸಮಿತಿಯೊಂದು ಕಡತ ಕೆದಕಿದಾಗ, 1933ರಲ್ಲಿ ಬ್ಯಾಂಕುಗಳು ಮುಳುಗುತ್ತಿದ್ದಾಗ ರೂಸ್‌ವೆಲ್ಟ್ ಘೋಷಿಸಿದ್ದು 40 ವರ್ಷವಾದರೂ ಹಾಗೇ ಉಳಿದಿತ್ತು. ಮುಗಿಸುವುದನ್ನೇ ಮರೆತಿದ್ದರು.

ಆ ಕಾಯ್ದೆಯಲ್ಲಿ ನನಗೆ ಇಷ್ಟವಾದ ಒಂದು ಮಾತಿದೆ. ತುರ್ತು ಅಧಿಕಾರ ಬಳಸಿ ಎಷ್ಟು ಖರ್ಚಾಯಿತು ಅಂತ ಅಧ್ಯಕ್ಷರು ಪ್ರತಿ ಆರು ತಿಂಗಳ ಲೆಕ್ಕವನ್ನು, ಆ ಅವಧಿ ಮುಗಿದ 90 ದಿನದೊಳಗೆ ಸಂಸತ್ತಿಗೆ ಒಪ್ಪಿಸಬೇಕು. ಕೇಳಲು ಚೆನ್ನಾಗಿದೆ, ಅಲ್ವಾ? ಎಡವಟ್ಟು ಇರುವುದು ಒಂದೇ ಪದದಲ್ಲಿ: 'ನೇರವಾಗಿ'. ನೇರವಾಗಿ ಆದ ಖರ್ಚಿನ ಮೊತ್ತ ಕೊಟ್ಟರೆ ಸಾಕು. ಹಾಗಾಗಿ ಬೇರೆ ದೇಶಗಳ ಮೇಲೆ ನಿರ್ಬಂಧ ಹೇರಿದ ಪ್ರಕರಣಗಳಲ್ಲಿ ಬರುವ ವರದಿ ತೆಗೆದು ನೋಡಿ, ಹೆಚ್ಚಿನದೆಲ್ಲ ಸರ್ಕಾರಿ ನೌಕರರ ಸಂಬಳ. ಸುಳ್ಳೇನಲ್ಲ. ಆದರೆ ನಿರ್ಬಂಧದಿಂದ ವ್ಯಾಪಾರ ಕಳೆದುಕೊಂಡವರ ನಷ್ಟ ಅದರಲ್ಲಿ ಎಲ್ಲಿ ಕಾಣುತ್ತದೆ?

ಇದಕ್ಕಿಂತ ಜಾಸ್ತಿ ಕಾಡುವುದು 2019ರ ಕಥೆ. ಮೆಕ್ಸಿಕೋ ಗಡಿ ಗೋಡೆಗೆ ಸಂಸತ್ತು ಕೇಳಿದಷ್ಟು ಹಣ ಕೊಡಲಿಲ್ಲ. ಫೆಬ್ರವರಿ 15ರಂದು ಟ್ರಂಪ್ ತುರ್ತು ಪರಿಸ್ಥಿತಿ ಘೋಷಿಸಿದರು. ಸೇನೆಯ ಕಟ್ಟಡ ಕಾಮಗಾರಿಗೆ ಇಟ್ಟಿದ್ದ 360 ಕೋಟಿ ಡಾಲರ್ ಗೋಡೆಯ ಕಡೆ ತಿರುಗಿತು. 127 ಕಾಮಗಾರಿಗಳು ನಿಂತವು. ಈಗ ದಿನಾಂಕ ಗಮನಿಸಿ. ಘೋಷಣೆ ರದ್ದು ಮಾಡುವ ನಿರ್ಣಯ ಎರಡೂ ಸದನದಲ್ಲಿ ಪಾಸಾಗಿ, ಅಧ್ಯಕ್ಷರು ಅದನ್ನು ವೀಟೊ ಮಾಡಿ, ವೀಟೊ ಮುರಿಯುವ ಪ್ರಯತ್ನ ಕೆಳಮನೆಯಲ್ಲಿ 248-181ಕ್ಕೆ ಬಿದ್ದುಹೋಗಿದ್ದು ಮಾರ್ಚ್‌ನಲ್ಲಿ. ಮೂರನೇ ಎರಡರಷ್ಟು ಮತ ಬೇಕಿತ್ತು. ಯಾವ ಯಾವ ಕಾಮಗಾರಿಗೆ ಕತ್ತರಿ ಬಿತ್ತು ಎಂಬ ಕೊನೆಯ ಪಟ್ಟಿ ಬಂದಿದ್ದು ಸೆಪ್ಟೆಂಬರ್‌ನಲ್ಲಿ! ಮಾರ್ಚ್‌ನಲ್ಲಿ ಕೈಯಲ್ಲಿ ಇದ್ದಿದ್ದು 'ಇವುಗಳಲ್ಲಿ ಯಾವುದಾದರೂ ಹೋಗಬಹುದು' ಎಂಬ ಉದ್ದನೆಯ ಪಟ್ಟಿ ಮಾತ್ರ. ತನ್ನ ಕ್ಷೇತ್ರದ ಯಾವ ಕೆಲಸ ನಿಲ್ಲುತ್ತದೆ ಅಂತ ಗೊತ್ತಿಲ್ಲದೆ ಸದಸ್ಯ ಮತ ಹಾಕಬೇಕಾಯಿತು.

ಅಧ್ಯಕ್ಷರನ್ನಷ್ಟೇ ಬೈದು ಪ್ರಯೋಜನವಿಲ್ಲ. ಆರು ತಿಂಗಳಿಗೊಮ್ಮೆ ಸಂಸತ್ತು ಸೇರಿ 'ಇದು ಮುಂದುವರಿಯಬೇಕಾ' ಅಂತ ಯೋಚಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ದಶಕಗಳ ಕಾಲ ಯಾರೂ ಆ ಗೋಜಿಗೆ ಹೋಗಲಿಲ್ಲ. ಕೇಳೋರಿಲ್ಲದ ಲೆಕ್ಕವನ್ನು ಕಾಟಾಚಾರಕ್ಕಲ್ಲದೆ ಇನ್ನು ಹೇಗೆ ಬರೆಯುತ್ತಾರೆ?

ಪರಿಹಾರ ಆ ಕಾಯ್ದೆಯ ಒಳಗೇ ಇದೆ ಅನ್ನಿಸುತ್ತದೆ ನನಗೆ. ವರ್ಷ ತುಂಬುವ ಮುಂಚಿನ 90 ದಿನಗಳಲ್ಲಿ ಅಧ್ಯಕ್ಷರು ಮುಂದುವರಿಕೆಯ ನೋಟಿಸ್ ಕೊಡದಿದ್ದರೆ ತುರ್ತು ಪರಿಸ್ಥಿತಿ ತಾನಾಗಿಯೇ ಮುಗಿಯುತ್ತದೆ. ಅದಕ್ಕೇ ಆ ನೋಟಿಸ್ ಮಾತ್ರ ಗಡಿಯಾರ ನೋಡಿಕೊಂಡ ಹಾಗೆ ಬರುತ್ತದೆ. ಖರ್ಚಿನ ವರದಿಗೂ ಇದೇ ಷರತ್ತು ಹಾಕಲಿ. ಜೊತೆಗೆ ಎಲ್ಲಿಂದ ಹಣ ಕಿತ್ತುಕೊಂಡಿರಿ, ಏನು ನಿಂತಿತು ಎಂಬ ಪಟ್ಟಿಯೂ ಇರಲಿ. ಪಟ್ಟಿ ಬರಲಿಲ್ಲವಾ, ಅಧಿಕಾರವೂ ಅವತ್ತಿಗೇ ಮುಗಿಯಲಿ.