ಸತ್ಯಾಂಶ: ಪದ ಒಂದೇ ಥರ ಕೇಳಿಸಿದರೆ ಭಾಷೆಗಳು ನೆಂಟರಾಗುವುದಿಲ್ಲ

ದೂರದ ಭಾಷೆಯೊಂದರ ಪದ ನಮ್ಮ ಪದದ ಹಾಗೇ ಇದೆ, ಹಾಗಾಗಿ ಆ ಭಾಷೆ ನಮ್ಮದರಿಂದಲೇ ಹುಟ್ಟಿದ್ದು ಎನ್ನುವ ಮೆಸೇಜ್ ಆಗಾಗ ಬರುತ್ತಿರುತ್ತದೆ. ಕಳಿಸುವವರಿಗೆ ಭಾಷೆಯ ಮೇಲೆ ಪ್ರೀತಿ ಇದೆ, ಅದು ಒಳ್ಳೆಯದೇ. ಆದರೆ ಈ ವಾದ ನಿಲ್ಲುವುದಿಲ್ಲ.

ಮನುಷ್ಯರ ಬಾಯಿಂದ ಹೊರಡುವ ಧ್ವನಿಗಳು ಕೆಲವೇ, ಪದಗಳು ಸಾವಿರಾರು. ಅಲ್ಲೊಂದು ಇಲ್ಲೊಂದು ಸುಮ್ನೆ ಹೊಂದಿಕೊಳ್ಳುತ್ತವೆ. ‘ನೇ’ ಎಂಬ ಪುಟ್ಟ ಪದವನ್ನೇ ನೋಡಿ. ಗ್ರೀಕ್‌ನಲ್ಲಿ ಹಾಗೆಂದರೆ ಹೌದು. ಕೊರಿಯನ್‌ನಲ್ಲೂ ಹೌದು. ಸರ್ಬಿಯನ್‌ನಲ್ಲಿ ಮಾತ್ರ ‘ಇಲ್ಲ’ ಎಂದು ಅರ್ಥ! ಗ್ರೀಕ್ ಮತ್ತು ಸರ್ಬಿಯನ್ ಒಂದೇ ದೊಡ್ಡ ಭಾಷಾ ಕುಟುಂಬದವು. ಕೊರಿಯನ್ ಆ ಕುಟುಂಬದ್ದೇ ಅಲ್ಲ. ಇರಾನಿನ ಪಾರ್ಸಿ (ಪರ್ಷಿಯನ್) ಭಾಷೆಯ ‘ಬದ್’, ಇಂಗ್ಲಿಷಿನ ‘ಬ್ಯಾಡ್’ ಎರಡಕ್ಕೂ ಕೆಟ್ಟದ್ದು ಎಂದೇ ಅರ್ಥ. ಆದರೂ ಹಳೆಯ ಪಾರ್ಸಿಗೆ ಹೋದರೆ ಅದು ‘ವದ್’ ಆಗಿತ್ತು. ಹಿಂದೆ ಹೋದಷ್ಟೂ ಎರಡೂ ದೂರವಾಗುತ್ತವೆ.

ನಿಜವಾದ ನೆಂಟಸ್ತಿಕೆ ಒಂದು ಪದದಲ್ಲಿ ಸಿಗುವುದಿಲ್ಲ, ಸಾಲು ಸಾಲಾಗಿ ಸಿಗುತ್ತದೆ. ನಮ್ಮ ಹಾಲು ತಮಿಳಿನಲ್ಲಿ ಪಾಲ್, ಹಲ್ಲು ಪಲ್, ಹುಲಿ ಪುಲಿ, ಹತ್ತು ಪತ್ತು. ಹಳಗನ್ನಡದಲ್ಲೂ ಇಲ್ಲೆಲ್ಲ ‘ಪ’ಕಾರವೇ ಇತ್ತು. ಎಷ್ಟು ಅಚ್ಚುಕಟ್ಟು, ಅಲ್ವಾ?

ಇಂಥ ಮೆಸೇಜ್ ಬಂದಾಗ ನೀವೇ ಪರೀಕ್ಷಿಸಬಹುದು. ಪದದ ಹಳೆಯ ರೂಪವನ್ನು ಒಳ್ಳೆಯ ನಿಘಂಟಿನಲ್ಲಿ ನೋಡಿ. ಅದೇ ಧ್ವನಿ ವ್ಯತ್ಯಾಸ ಇನ್ನೂ ಹತ್ತಾರು ಪದಗಳಲ್ಲಿ ಇದೆಯೇ ಹುಡುಕಿ. ತಾಯಿ, ಕೈ, ನೀರು, ಎರಡು, ಮೂರು ಇಂಥ ದಿನಬಳಕೆಯ ಪದಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. ಜಾಸ್ತಿ ಹೊತ್ತು ಬೇಕಾಗುವುದಿಲ್ಲ.